ತಾನೇ ತೆರೆಯುವ ಬಾಗಿಲು

ಒಂದು ಕಾರಿನ ಹಿಂದಿನ ಬಾಗಿಲಿಗಾಗಿ ನಮ್ಮ ಮನೆಯಲ್ಲಿ ನಡೆದಷ್ಟು ಜಗಳ ಆಸ್ತಿ ಪಾಲಾಗುವ ಮನೆಗಳಲ್ಲೂ ನಡೆದಿರಲಿಕ್ಕಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಜಗಳದಲ್ಲಿ ಸಿಟ್ಟಿಗೆ ಕಾರಣವಿತ್ತು.

ನಾನು ಸಣ್ಣವಳಿದ್ದಾಗ ಬಂದ ಪೋಲಿಯೋ ಜ್ವರ ನನ್ನ ಎರಡೂ ಕಾಲುಗಳನ್ನು ತೆಗೆದುಕೊಂಡು ಹೋಯಿತು. ಅಂದಿನಿಂದ ಹೊಸಪೇಟೆಯ ನಮ್ಮ ಮನೆಯ ಹೊಸ್ತಿಲನ್ನು ನಾನು ಒಬ್ಬಳೇ ದಾಟಿದ್ದಿಲ್ಲ. ಶಾಲೆಗೆ ಅಪ್ಪ, ಕಾಲೇಜಿಗೆ ಅಪ್ಪ, ಬಿ.ಎಡ್. ಪರೀಕ್ಷೆಗೆ ಅಪ್ಪ. ಗೆಳತಿಯ ಮದುವೆಗೂ ಅಪ್ಪನೇ ಬಂದು ಹೆಂಗಸರ ಪಂಕ್ತಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅಂದಾನಪ್ಪ ಅಂದರೆ ಕಂಪ್ಲಿಯಲ್ಲಿ ಎಲ್ಲರಿಗೂ ಗೊತ್ತು, ಅಕ್ಕಿ ಗಿರಣಿಯ ಯಜಮಾನ. ನನಗೆ ಮಾತ್ರ ಅವನು ಜೀವಮಾನದ ಡ್ರೈವರು.

ಜಗಳವಾಡಿ ಆಡಿ ಡ್ರೈವಿಂಗ್ ಕಲಿತೆ. ಕೈಯಲ್ಲೇ ಬ್ರೇಕು, ಕೈಯಲ್ಲೇ ಎಕ್ಸಲರೇಟರು ಇರುವ ಹಾಗೆ ಮಾಡಿಸಿದ ಹಳೆಯ ದೊಡ್ಡ ಕಾರು ಅದು. ಓಡಿಸುವುದರಲ್ಲಿ ನನಗೆ ಯಾರ ಹಂಗೂ ಇರಲಿಲ್ಲ. ತೊಂದರೆಯೆಲ್ಲ ಹಿಂದೆ, ಡಿಕ್ಕಿಯಲ್ಲಿ. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡರೆ, ಹಿಡಿದುಕೊಳ್ಳಲು ಏನಾದರೂ ಇದ್ದರೆ ನಾಲ್ಕು ಹೆಜ್ಜೆ ಇಡುತ್ತೇನೆ. ಹಿಡಿತ ತಪ್ಪಿದರೆ ಒಂದು ಹೆಜ್ಜೆಯೂ ಇಲ್ಲ. ಕಾರಿನ ಮೈ ಹಿಡಿದು ಹಿಂದಕ್ಕೆ ಹೋಗಿ ವ್ಹೀಲ್‌ಚೇರನ್ನು ಮಡಚಿ ಡಿಕ್ಕಿಯೊಳಗೆ ತಳ್ಳಬಲ್ಲೆ. ಆಮೇಲೆ ಆ ಬಾಗಿಲು ತಲೆಯ ಮೇಲೆ ಎತ್ತರದಲ್ಲಿ ನಿಂತಿರುತ್ತದಲ್ಲ, ಅದನ್ನು ಎಳೆಯಬೇಕಾದರೆ ಕಾರಿನ ಹಿಡಿತ ಬಿಟ್ಟು ಕೈ ಮೇಲೆತ್ತಬೇಕು. ಅಪ್ಪ ತರಕಾರಿ ತರಲು ಹೋಗಿದ್ದಾಗ ಒಮ್ಮೆ ಎತ್ತಿದೆ. ತರಕಾರಿ ಮಾರ್ಕೆಟ್ಟಿನ ಎದುರು ಮುಖ ಅಡಿಯಾಗಿ ಬಿದ್ದೆ. ನಾಲ್ಕು ಜನ ಓಡಿಬಂದು "ಅಯ್ಯೋ ಪಾಪ" ಅಂದರು. ಬಿದ್ದ ನೋವು ಎರಡು ದಿನಕ್ಕೆ ಹೋಯಿತು, ಆ 'ಪಾಪ' ಇನ್ನೂ ಗಂಟಲಲ್ಲಿದೆ.

ಈ ಸಲ ಬಂಡ್ರಿಯ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಆದೇಶ ಬಂತು. ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗಬೇಕು, ತಪ್ಪಿದರೆ ಆ ಜಾಗ ಮುಂದಿನವರಿಗೆ. ನಾನು ಕುಣಿಯುವುದೊಂದು ಬಾಕಿ. ಅಪ್ಪ ಆದೇಶ ಓದಿ ಮಡಚಿಟ್ಟ.

"ಬಂಡ್ರಿ ಅಂದ್ರ ಸಂಡೂರು ದಾಟಿ ಹೋಗ್ಬೇಕು. ದಿನಾ ಮಿಲ್ ಬಿಟ್ಟು ನಾ ಬರಾಕ ಆಗ್ತೈತೇನು?"

"ನಿನ್ನ ಯಾರಪ್ಪ ಬಾ ಅಂದ್ರು?"

"ಮತ್ತ ಡಿಕ್ಕಿ ಬಾಗ್ಲ ಯಾರ್ ಹಾಕ್ತಾರ? ನಿಮ್ಮ ಹೆಡ್ ಮಿಸ್ಸು?"

ಅಲ್ಲಿಗೆ ನಾನು ತಟ್ಟೆ ಸರಿಸಿ ಎದ್ದೆ, ಅಂದರೆ ಚೇರು ತಿರುಗಿಸಿಕೊಂಡು ಹೋದೆ. ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಆ ಮೋಟಾರಿನ ಬಾಗಿಲು. ಗುಂಡಿ ಒತ್ತಿದರೆ ತಾನೇ ಏಳುತ್ತದೆ, ಇನ್ನೊಮ್ಮೆ ಒತ್ತಿದರೆ ತಾನೇ ಇಳಿದು ಬೀಗ ಹಾಕಿಕೊಳ್ಳುತ್ತದೆ. ಹಳೆಯ ಕಾರಿಗೂ ಕೂರಿಸಬಹುದಂತೆ. ಎರಡು ದಿನ ಉಣ್ಣದೆ, ಮಾತಾಡದೆ ಹಟ ಹಿಡಿದೆ. ಕೊನೆಗೆ ಅವ್ವ ಪಂಪಮ್ಮನೇ ಅಪ್ಪನ ಮೇಲೆ ರೇಗಿದಳು. ಅಪ್ಪ ಒಪ್ಪಿದ, ಆದರೆ ಒಂದು ಷರತ್ತು ಹಾಕಿ.

"ಮೊದಲ್ನೇ ದಿನ ಒಬ್ಬಾಕೇ ಹೋಗಿ ಬಾ. ಮನೀಗೆ ನಿನ್ನ ಫೋನ್ ಬರಬಾರ್ದು, ನಾವೂ ಮಾಡಂಗಿಲ್ಲ. ಫೋನ್ ಬಂತೋ, ಕೆಲ್ಸ ಬ್ಯಾಡ ಅಂತ ಬರ್ದುಕೊಟ್ಟು ಮನ್ಯಾಗ ಕುಂದ್ರಬೇಕು. ಆತೇನು?"

"ಆತು," ಅಂದೆ. ಅವ್ವ ಹಣೆ ಚಚ್ಚಿಕೊಂಡಳು.

ಅಪ್ಪನ ಒಂದು ಗೀಳನ್ನು ಇಲ್ಲಿ ಹೇಳಲೇಬೇಕು. ಬಹಳ ಹಿಂದೆ ಗಿರಣಿಯಲ್ಲಿ ಜಡೆಪ್ಪ ಎಂಬ ಆಳು ಬೆಲ್ಟ್ ಒರೆಸುತ್ತಿದ್ದಾಗ ಯಾರೋ ಮೇನ್ ಸ್ವಿಚ್ ಹಾಕಿ ಅವನ ಕೈ ಹೋಯಿತು. ಅಂದಿನಿಂದ ಅಪ್ಪ ಪ್ರತಿಯೊಂದು ಮಿಷನ್ನಿಗೂ ಬಚ್ಚಿಟ್ಟ ಇನ್ನೊಂದು ಸ್ವಿಚ್ ಹಾಕಿಸುತ್ತಾನೆ, ಅದು ಎಲ್ಲಿದೆ ಅಂತ ಅವನಿಗೆ ಮಾತ್ರ ಗೊತ್ತಿರುತ್ತದೆ. ಗಿರಣಿಯ ಮೋಟಾರಿಗೆ, ಬೋರ್‌ವೆಲ್ಲಿಗೆ, ಟ್ರ್ಯಾಕ್ಟರಿಗೆ, ಮನೆಯ ಗೀಸರಿಗೂ. ಮಲಗುವ ಮುಂಚೆ ಒಂದು ಸುತ್ತು ಹೋಗಿ ಎಲ್ಲವನ್ನೂ ಆರಿಸಿ ಬರದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಅವನು ಕಂಪ್ಲಿಯಲ್ಲೇ ಉಳಿದ ದಿನ ನಮಗೆ ತಣ್ಣೀರು ಸ್ನಾನ. ನಾವು ಬೈದು ಬೈದು ಬಿಟ್ಟುಬಿಟ್ಟಿದ್ದೆವು.

ಶನಿವಾರ ಹೊನ್ನೂರುಸ್ವಾಮಿಯ ಅಂಗಡಿಗೆ ಕಾರು ಕೊಟ್ಟೆವು. ಅವನು ಕಾರುಗಳಿಗೆ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು, ಲೈಟು ಹಾಕುವವನು. ಈ ಬಾಗಿಲು ಅವನಿಗೂ ಹೊಸದು, ಹಿಂದೆ ಒಂದೋ ಎರಡೋ ಕೂರಿಸಿದ್ದನಂತೆ. ನಾನು ನೆರಳಲ್ಲಿ ಚೇರು ಹಾಕಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಪಟಪಟ ಕಿತ್ತ. ಬಾಗಿಲನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ರಾಡು ತೆಗೆದು ಆ ಜಾಗಕ್ಕೆ ಮೋಟಾರಿನ ರಾಡು ಕೂರಿಸಿದ. ಹಳೆಯ ಬೀಗ ಬಿಚ್ಚಿ ಮೋಟಾರಿನ ಬೀಗ ಹಾಕಿದ. ವೈರುಗಳನ್ನು ಛಾವಣಿಯ ಒಳಗಿನಿಂದ ಎಳೆದು ಡಿಕ್ಕಿಯ ಮೂಲೆಯಲ್ಲಿ ಒಂದು ಡಬ್ಬಿಗೆ ಜೋಡಿಸಿದ.

"ಇನ್ ಕೀಲಿ ಹಾಕಿ ತಿರುವಾಕ ಏನೂ ಇಲ್ರಿ ಮೇಡಂ. ಎಲ್ಲಾ ಕರೆಂಟಿನ ಮ್ಯಾಲೆ," ಅಂದ.

ನಡುವೆ ಅಪ್ಪ ಅವನನ್ನು ಚಹಾ ಕುಡಿಯೋಣ ಬಾ ಅಂತ ರಸ್ತೆಯಾಚೆ ಕರೆದುಕೊಂಡು ಹೋದ. ಇಬ್ಬರೂ ಬಹಳ ಹೊತ್ತು ತಲೆ ಹತ್ತಿರ ಮಾಡಿ ಮಾತಾಡುತ್ತಿದ್ದರು. ದರ ಇಳಿಸುತ್ತಿರಬೇಕು ಅಂದುಕೊಂಡೆ. ವ್ಯಾಪಾರಸ್ಥನ ಚಾಳಿ.

ಭಾನುವಾರ ಮನೆಯ ಮುಂದೆ ಹತ್ತಾರು ಸಲ ಒತ್ತಿ ನೋಡಿದೆ. ಬಾಗಿಲು ಸುಂಯ್ ಅಂತ ಏಳುವುದು, ಸುಂಯ್ ಅಂತ ಇಳಿಯುವುದು. ಚೇರು ಒಳಗೆ ತಳ್ಳಿ, ಕಾರಿನ ಮೈ ಹಿಡಿದುಕೊಂಡೇ ಗುಂಡಿ ಒತ್ತಿ, ಬಾಗಿಲು ನನ್ನ ಪಕ್ಕದಲ್ಲೇ ಮೆಲ್ಲಗೆ ಮುಚ್ಚಿಕೊಂಡಾಗ ನನಗೆ ಅಳು ಬಂತು. ಯಾರಿಗೂ ಕಾಣದಿರಲಿ ಅಂತ ಡ್ರೈವರ್ ಸೀಟಿಗೆ ಹೋಗಿ ಗಾಜು ಏರಿಸಿಕೊಂಡು ಅತ್ತೆ. ಬೆಳಿಗ್ಗೆ ಗಡಿಬಿಡಿ ಬೇಡವೆಂದು ಆ ಚೇರನ್ನು ಡಿಕ್ಕಿಯಲ್ಲೇ ಬಿಟ್ಟೆ. ಮನೆಯೊಳಗೆ ಓಡಾಡಲು ಹಳೆಯದು ಇದ್ದೇ ಇತ್ತು.

ಸೋಮವಾರ ಬೆಳಿಗ್ಗೆ ಅವ್ವ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಅಪ್ಪ ಗೇಟು ತೆಗೆದು ಪಕ್ಕಕ್ಕೆ ನಿಂತ.

ಸಂಡೂರಿನ ಘಾಟಿನಲ್ಲಿ ಅದಿರು ಲಾರಿಗಳ ಸಾಲು. ಒಂದರ ಹಿಂದೆ ಒಂದು ಕೆಂಪು ಧೂಳೆಬ್ಬಿಸಿಕೊಂಡು ತೆವಳುತ್ತಿದ್ದವು. ಅಂಥದ್ದರಲ್ಲೂ ನಾನು ಹಾಡು ಹಾಕಿಕೊಂಡು ಹೋದೆ. ಬಂಡ್ರಿ ಸೇರಿದಾಗ ಹನ್ನೊಂದು ದಾಟಿತ್ತು. ಶಾಲೆ ಊರಿನ ಹೊರಗೆ. ಇನ್ನೂ ಮಕ್ಕಳಿಗೆ ಶುರುವಾಗಿರಲಿಲ್ಲ. ಗೇಟಿಗೆ ವಾಹನ ಹೋಗದಂತೆ ಸರಪಳಿ ಬಿಗಿದಿತ್ತು. ಪಕ್ಕದಲ್ಲಿ ಜನ ನುಗ್ಗುವಷ್ಟು ಸಂದಿ. ಅದರಾಚೆ ಜಲ್ಲಿಕಲ್ಲಿನ ದೊಡ್ಡ ಮೈದಾನ, ಅದರ ತುದಿಯಲ್ಲಿ ಕಟ್ಟಡ. ಹೆಡ್ ಮಿಸ್ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು: "ಹನ್ನೆರಡರೊಳಗ ಬಂದುಬಿಡ್ರಿ. ಆಮ್ಯಾಲೆ ನಾ ಸಂಡೂರಿಗೆ ಮೀಟಿಂಗಿಗೆ ಹೋಗ್ತೀನಿ, ಇಲ್ಲಿ ಯಾರೂ ಇರಂಗಿಲ್ಲ." ಫೋನ್ ಇಡುವ ಮುಂಚೆ, "ನಿಮಗ ಇಷ್ಟು ದೂರ ದಿನಾ ಬರಾಕ ಆಗ್ತದಲ್ರೀ?" ಅಂತಲೂ ಕೇಳಿದ್ದರು.

ಇಳಿದೆ. ಕ್ಯಾಲಿಪರಿನ ಕೊಂಡಿ ಬಿಗಿಮಾಡಿ, ಕಾದ ತಗಡಿನ ಮೇಲೆ ಅಂಗೈ ಊರುತ್ತ ಹಿಂದಕ್ಕೆ ಬಂದೆ. ಗುಂಡಿ ಒತ್ತಿದೆ.

ಬಾಗಿಲು ಮಿಸುಕಲಿಲ್ಲ.

ಮತ್ತೆ ಒತ್ತಿದೆ. ಕೀಲಿಯಲ್ಲಿದ್ದ ರಿಮೋಟ್ ಒತ್ತಿದೆ. ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿನಲ್ಲಿದ್ದದ್ದನ್ನು ಒತ್ತಿದೆ. ಕಾರು ಸ್ಟಾರ್ಟ್ ಮಾಡಿ ಒತ್ತಿದೆ, ಆಫ್ ಮಾಡಿ ಒತ್ತಿದೆ. ಹಿಂದೆ ಬಂದು ಉಗುರು ತೂರಿಸಿ ಎಳೆದೆ. ಉಗುರು ಮುರಿಯಿತು. ಸುಂಯ್ ಎನ್ನುವ ಆ ಸದ್ದು ಎಲ್ಲಿ ಸತ್ತುಹೋಗಿತ್ತೋ! ಗಾಜಿನಾಚೆ ನನ್ನ ಚೇರು ಕಾಣುತ್ತಿತ್ತು. ನನ್ನ ಕಾಲುಗಳನ್ನೇ ಕೈಯಳತೆಯಲ್ಲಿ ಬೀಗ ಹಾಕಿಟ್ಟ ಹಾಗಿತ್ತು.

ಹಾರ್ನ್ ಹೊಡೆದೆ. ರಸ್ತೆಯಲ್ಲಿ ಲಾರಿಗಳು ಬೆಳಗಿನಿಂದ ಸಂಜೆಯವರೆಗೆ ಹೊಡೆಯುತ್ತಲೇ ಇರುತ್ತವೆ, ನನ್ನದನ್ನು ಯಾರು ಕೇಳುತ್ತಾರೆ? ಹೆಡ್ ಮಿಸ್ಸಿನ ನಂಬರು ಇತ್ತು. ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಏನು ಹೇಳಲಿ? ಬಂದೀನಿ, ಗೇಟಿನ ತನಕ ಬಂದೀನಿ, ಯಾರಾದರೂ ಬಂದು ಹೊತ್ತುಕೊಂಡು ಹೋಗಿ ಅಂತಲೇ? ಮೊದಲ ದಿನದ ಮೊದಲ ಮಾತು ಅದಾದರೆ ನಾಳೆಯಿಂದ ಆ ಶಾಲೆಯಲ್ಲಿ ನನ್ನನ್ನು ಟೀಚರ್ ಅಂತ ಯಾರು ನೋಡುತ್ತಾರೆ? ಪಟ್ಟಿಯಲ್ಲಿ ಆ ನಂಬರಿನ ಮೇಲೆಯೇ ಅಪ್ಪನ ಹೆಸರಿತ್ತು. ಒತ್ತಿದರೆ ಒಂದೇ ರಿಂಗಿಗೆ ಎತ್ತುತ್ತಾನೆ, ಗೊತ್ತು. ಮಿಲ್ಲು ಗಿಲ್ಲು ಬಿಟ್ಟು ಹಾರಿಬರುತ್ತಾನೆ, ಅದೂ ಗೊತ್ತು. ಆಮೇಲೆ ಸಾಯುವ ತನಕ ನಾನು ಅದೇ ಹಿತ್ತಲು, ಅದೇ ಪಡಸಾಲೆ.

ಹಾಳಾಗಿ ಹೋಗಲಿ ಈ ಹೊನ್ನೂರುಸ್ವಾಮಿ ಅಂತ ಅವನಿಗೇ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದ ತಕ್ಷಣ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ಮೇಡಂ, ಸ್ವಿಚ್ ಆನ್ ಐತೇನ್ರಿ?"

"ಯಾವ ಸ್ವಿಚ್ಚೋ?"

"ಅಪ್ಪಾರು ಹಾಕ್ಸಿದ್ರಲ್ರೀ... ಇದಕ್ಕೂ ಒಂದು ಗುಪ್ತ ಸ್ವಿಚ್ ಇರ್ಲಿ, ಯಾರದಾರ ಕೈ ಗೀ ಸಿಕ್ಕೊಂಡೀತು ಅಂತ. ನಿಮಗ ಹೇಳಿಲ್ಲೇನ್ರಿ?"

ಮಲಗುವ ಮುಂಚಿನ ಆ ಒಂದು ಸುತ್ತು! ನನ್ನ ಕಣ್ಣಿಗೆ ಕಟ್ಟಿತು. ಗೀಸರ್ ಆರಿಸಿ, ಮೋಟಾರು ಆರಿಸಿ, ಅಂಗಳಕ್ಕೆ ಬಂದು ನನ್ನ ಕಾರಿನ ಸ್ವಿಚ್ಚನ್ನೂ ಆರಿಸಿ ಮಲಗಿದ್ದಾನೆ.

"ಎಲ್ಲೈತಿ ಅದು?"

"ಡಿಕ್ಕಿ ಒಳಗ್ರಿ, ಎಡಗಡೆ, ಜಾಕ್ ಇಡೋ ಗೂಡಿನ್ಯಾಗ. ಹಿಂದಿನ ಸೀಟಿನ ಮ್ಯಾಲೆ ಮೊಣಕಾಲೂರಿ ಕೈ ಚಾಚಿದ್ರ ಸಿಗ್ತೈತ್ರಿ, ಭಾಳ ಸರಳ..." ಅಷ್ಟು ಹೇಳಿ ತನ್ನ ಮಾತು ತನಗೇ ಕೇಳಿಸಿತೇನೋ, "ಅಯ್ಯೋ ಮೇಡಂ," ಅಂದ. ಕಟ್ ಮಾಡಿದೆ.

ಬಾಗಿಲು ತೆರೆಯುವ ಸ್ವಿಚ್ಚು ಬಾಗಿಲಿನ ಒಳಗೆ. ಮೊಣಕಾಲೂರುವವರಿಗೆ ಸರಳ. ನಾನು ಅಲ್ಲೇ ರಸ್ತೆಯಲ್ಲಿ ಕಾರಿಗೆ ತಲೆ ಚಚ್ಚಿಕೊಂಡೆ, ನಿಜವಾಗಿ ಚಚ್ಚಿಕೊಂಡೆ. ಅವ್ವ ಹಚ್ಚಿದ ವಿಭೂತಿ ಗಾಜಿಗೆ ಮೆತ್ತಿತು.

"ಯಾಕವ್ವಾ, ಕಾರಿಗೆ ಯಾಕ ಹಾಯಾಕತ್ತೀ?"

ತಿರುಗಿದರೆ ಆಡುಗಳ ಹಿಂದೆ ಒಬ್ಬ ಮುದುಕಿ, ಕೈಯಲ್ಲಿ ಕೋಲು. ಗಾಳೆಮ್ಮ ಅಂತ ಹೆಸರು, ಆಮೇಲೆ ಗೊತ್ತಾಯಿತು. ಅವಳಿಗೆ ಎಲ್ಲ ಹೇಳಿ, "ಯಮ್ಮಾ, ಒಳಗ ಹತ್ತಿ ಒಂದು ಸ್ವಿಚ್ ಹಾಕ್ತೀಯೇನು?" ಅಂತ ಬೇಡಿಕೊಂಡೆ. ಬೇಡಿಕೊಂಡೆ, ನಾನು!

ಅವಳು ಸೀರೆ ಎತ್ತಿ ಊದಿಕೊಂಡ ಮೊಣಕಾಲು ತೋರಿಸಿದಳು. "ಇವು ಮಡಚೋದು ಬಿಟ್ಟು ಎಷ್ಟೋ ದಿನ ಆತು. ನಿನಗಿಂತ ನಾ ಕಡೆ. ಊರಾಗಿಂದ ಯಾರನ್ನಾರ ಕರಿಲೇನು?"

ಅವಳು ಆ ಕಾಲಿನಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಹನ್ನೆರಡಾಗುತ್ತಿತ್ತು. "ಬ್ಯಾಡ. ನಾನೇ ಹೋಗ್ತೀನಿ. ಇವನ್ನ ಹಿಡ್ಕೋ," ಅಂದೆ.

ಹಿಂದಿನ ಸೀಟಿನಲ್ಲಿ ಕೂತು ಕ್ಯಾಲಿಪರ್ ಬಿಚ್ಚಿ ಅವಳ ಕೈಗೆ ಕೊಟ್ಟೆ. ಸೀಟಿನ ಬೆನ್ನನ್ನು ಮಲಗಿಸೋಣವೆಂದರೆ ಹಿಂದಿದ್ದ ಚೇರು ಒತ್ತಿ ಅದರ ಕೊಂಡಿ ಬಿಗಿದುಕೊಂಡಿತ್ತು. ಅದರ ಮೇಲೆ ಹತ್ತಿಯೇ ಹೋಗಬೇಕು. ನನ್ನ ತೋಳುಗಳಿಗೆ ಶಕ್ತಿ ಇದೆ, ಸಣ್ಣವಳಿದ್ದಾಗಿನಿಂದ ಕಾಲಿನ ಕೆಲಸವನ್ನೂ ಅವೇ ಮಾಡಿವೆ. ತಲೆಯಿಡುವ ದಿಂಬುಗಳೆರಡನ್ನೂ ಹಿಡಿದು ಮೈಯನ್ನು ಮೇಲಕ್ಕೆಳೆದೆ. ಎದೆ ಸೀಟಿನ ಮೇಲಕ್ಕೆ ಬಂತು. ಇನ್ನೊಂದು ಸಲ ಎಳೆದಾಗ ತಲೆ ಆಚೆ ಇಳಿಯಿತು, ಚೇರಿನ ಹಿಡಿಕೆ ಹೊಟ್ಟೆಗೆ ಚುಚ್ಚಿತು. ಅಲ್ಲಿಗೆ ಸಿಕ್ಕಿಬಿದ್ದೆ. ತಲೆ ಕೆಳಗೆ, ಹಿಂದೆ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಒಳಗೆ ಕಾದ ರಬ್ಬರಿನ ವಾಸನೆ, ಧೂಳು. ಉಸಿರು ಕಟ್ಟಿತು. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಇಲ್ಲೇ ಸತ್ತರೆ ಅಪ್ಪ ಗೆದ್ದ ಅಂತ ಅನ್ನಿಸಿ, ಅಳುತ್ತಲೇ ಅವನನ್ನು ಬೈದೆ. ಹೆತ್ತ ತಂದೆಯನ್ನು ಬೈಯಬಾರದ ಮಾತುಗಳಲ್ಲಿ ಬೈದೆ.

"ಬೈ, ಬೈ, ಬೈದಷ್ಟು ಜೋರು ಬರ್ತೈತಿ," ಅನ್ನುತ್ತ ಗಾಳೆಮ್ಮ ಹಿಂದಿನಿಂದ ನನ್ನ ಕಾಲುಗಳನ್ನು ಹೆಗಲಿಗೆ ಕೊಟ್ಟು ನೂಕಿದಳು.

ಮೂಟೆಯ ಹಾಗೆ ಆಚೆ ಬಿದ್ದೆ. ಮೊಣಕೈ ಚೇರಿನ ಪಾದದ ಹಲಗೆಗೆ ತಾಗಿ ಸೀಳಿತು. ಆ ಕೈಯನ್ನೇ ಜಾಕಿನ ಗೂಡಿಗೆ ತೂರಿಸಿ ತಡಕಿದೆ. ಸಿಕ್ಕಿತು. ಬೆರಳ ತುದಿಯಷ್ಟು ಸಣ್ಣ ಸ್ವಿಚ್ಚು. ಹಾಕಿದೆ.

"ಯಮ್ಮಾ, ಕೀಲಿ ಸೀಟಿನ ಮ್ಯಾಲೈತಿ. ಅದರಾಗ ಕೆಳಗಿನ ಗುಂಡಿ ಒತ್ತು!"

ಅವಳು ಮೊದಲು ಯಾವುದನ್ನೋ ಒತ್ತಿ ಕಾರು ಕುಂಯ್ಗುಟ್ಟಿತು, ಆಡುಗಳು ಚದುರಿದವು. ಆಮೇಲೆ ಸರಿಯಾದದ್ದನ್ನು ಒತ್ತಿದಳು. ಸುಂಯ್ ಅಂತ ಬಾಗಿಲು ನನ್ನ ಮೇಲಿಂದ ಎದ್ದಿತು. ಗಾಳಿ ಬಂತು. ಆ ಬಾಗಿಲು ತಾನೇ ತೆರೆಯುವುದನ್ನು ಒಳಗಿನಿಂದ ನೋಡಿದ್ದು ನಾನೊಬ್ಬಳೇ ಇರಬೇಕು.

ಚೇರು ಇಳಿಸಿಕೊಂಡು, ಜಲ್ಲಿಯ ಮೇಲೆ ತಳ್ಳಿಕೊಂಡು ಕಟ್ಟಡ ಸೇರಿದಾಗ ಹೆಡ್ ಮಿಸ್ ಬಾಗಿಲಿಗೆ ಬೀಗ ಹಾಕುತ್ತಿದ್ದರು. ನನ್ನನ್ನು ನೋಡಿ ಕೀಲಿ ಕೈಯಲ್ಲೇ ಉಳಿಯಿತು. ತೋಳು ಹರಿದು ರಕ್ತ, ಮೈಯೆಲ್ಲ ಕೆಂಪು ಧೂಳು, ಮುಖದ ಮೇಲೆ ಅತ್ತ ಗೆರೆ.

"ಏನ್ರೀ ಇದು! ಬಿದ್ರೇನು?"

"ಇಲ್ರಿ ಮೇಡಂ. ಬಾಗ್ಲ ತೆಗಿಯಾಕ ಸ್ವಲ್ಪ ತಡ ಆತು," ಅಂದೆ. ಅವರು ಬೀಗ ತೆಗೆದರು. ಗಾಯದ ಕೈಯಲ್ಲಿ ಸಹಿ ಮಾಡಿದಾಗ ನನ್ನ ಹೆಸರು ಯಾರದೋ ಹೆಸರಿನ ಹಾಗೆ ಬಂತು.

ಸಂಜೆ ಮನೆ ಮುಟ್ಟಿದಾಗ ಅಪ್ಪ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ, ಕೈಯಲ್ಲಿ ಫೋನು. ಮಿಲ್ಲಿಗೆ ಹೋಗಿರಲಿಲ್ಲ. "ಬೆಳಗ್ಗಿಂದ ಒಂದು ತುತ್ತು ತಿಂದಿಲ್ಲ ನೋಡೇ ಶೈಲಾ," ಅಂತ ಅವ್ವ ಒಳಗಿನಿಂದಲೇ ಕೂಗಿದಳು. ನಾನು ಗುಂಡಿ ಒತ್ತಿ, ಚೇರು ಇಳಿಸಿಕೊಂಡು, ಅದರಲ್ಲಿ ಕೂತು, ಬಾಗಿಲು ಮುಚ್ಚಿ, ಅವನ ಎದುರು ಬಂದು ನಿಲ್ಲಿಸಿದೆ. ಅವನ ಕಣ್ಣು ನನ್ನ ಮೊಣಕೈ ಮೇಲೆಯೇ ಇತ್ತು.

"ಸ್ವಿಚ್ ಆರಿಸಿದ್ದು ಯಾವಾಗ ನೆನಪಾತಪ್ಪಾ?"

'ಈಗ' ಅಂದಿದ್ದರೆ ನಂಬುತ್ತಿದ್ದೆ. ದೇವರಾಣೆಗೂ ನಂಬುತ್ತಿದ್ದೆ.

"ನೀ ಹೊಂಟ ಸ್ವಲ್ಪ ಹೊತ್ತಿಗೆ," ಅಂದ.

"ಮತ್ತ ಫೋನ್ ಯಾಕ ಮಾಡ್ಲಿಲ್ಲ?"

"ಕೈಯಾಗ ಹಿಡ್ಕೊಂಡೇ ಕುಂತಿದ್ದೆ." ಫೋನು ತಿರುವಿ ನೋಡುತ್ತ, "ನೀನೇ ಮಾಡ್ತಿ ಅಂತ," ಅಂದ.

"ನಾ ಸೋತು ಬರ್ಲಿ ಅಂತ?"

ಅಪ್ಪ ಹೌದು ಅನ್ನುವಂತೆ ತಲೆಯಾಡಿಸಿದ. "ಇಷ್ಟು ವರ್ಷ ನಿನ್ನ ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು, ಅದೊಂದು ಬಿಟ್ರ ನಾ ಬ್ಯಾರೆ ಏನ್ ಮಾಡೀನಿ ಹೇಳು. ನಾಳಿಂದ ನಾ ಏನ್ ಮಾಡ್ಲಿ?"

ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. "ಆ ಸ್ವಿಚ್ ಈಗ ಕಿತ್ತು ಹಾಕು," ಅಂದೆ.

ಅವನು ಟೆಸ್ಟರು, ಟೇಪು ತಂದು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಕೈ ಚಾಚಿದ. ಎಷ್ಟು ಸರಳವಾಗಿ ಚಾಚಿದ!

"ಹಂಗಲ್ಲ. ನಾ ಹೋದಂಗ ಹೋಗು. ಕಾಲು ಮುಟ್ಟಸ್ಬ್ಯಾಡ."

ಅವ್ವ ಹೊರಗೆ ಬಂದವಳು "ಏನೇ ಇದು, ಹುಚ್ಚಿ, ವಯಸ್ಸಾದ ಮನುಷ್ಯ!" ಅಂದಳು. ಅಪ್ಪ ಅವಳಿಗೆ ಸುಮ್ಮನಿರು ಅಂತ ಕೈ ಮಾಡಿದ. ಕಾಲುಗಳನ್ನು ಹಿಂದಕ್ಕೆ ಚೆಲ್ಲಿ, ದಿಂಬು ಹಿಡಿದು, ತೋಳಿನಲ್ಲಿ ಮೈಯನ್ನು ಎಳೆದ. ಪಂಚೆ ಸಿಕ್ಕಿಕೊಂಡಿತು. ಅರ್ಧಕ್ಕೆ ಬಂದು ಸೀಟಿನ ಮೇಲೆ ನಾನು ಸಿಕ್ಕಿಬಿದ್ದ ಜಾಗದಲ್ಲೇ ಸಿಕ್ಕಿಬಿದ್ದ. ಅವನ ಏದುಸಿರು ಅಂಗಳದವರೆಗೂ ಕೇಳುತ್ತಿತ್ತು. ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. ಕೊನೆಗೆ ಧೊಪ್ಪನೆ ಆಚೆ ಬಿದ್ದ. ಗಾಜಿನಲ್ಲಿ ನೋಡಿದರೆ ಸೀಟಿನ ಬೆನ್ನಿಗೆ ಒಣಗಿ ಅಂಟಿದ್ದ ನನ್ನ ರಕ್ತವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಅದು ಹೋಗುತ್ತಿರಲಿಲ್ಲ.

ಆಮೇಲೆ ಸ್ವಿಚ್ಚು ಕಿತ್ತ. ಎರಡು ವೈರುಗಳ ತುದಿಯನ್ನು ಹಲ್ಲಿನಲ್ಲಿ ಸುಲಿದು, ಹೊಸೆದು, ಟೇಪು ಸುತ್ತಿದ. ಗಾಜಿನೊಳಗಿನಿಂದ ನನ್ನನ್ನು ನೋಡಿ ತಲೆಯಾಡಿಸಿದ.

ಒತ್ತಿದೆ. ಬಾಗಿಲು ಎದ್ದಿತು. ಅಪ್ಪ ಡಿಕ್ಕಿಯ ಅಂಚಿಗೆ ಬಂದು ಕೂತ, ಅಂಗೈಯಲ್ಲಿ ಆ ಸಣ್ಣ ಸ್ವಿಚ್ಚು. ಇಳಿಯಲು ನೋಡಿದ. ಕಾಲು ಜೋಮು ಹಿಡಿದು ನೆಲಕ್ಕೆ ಊರಲಾಗಲಿಲ್ಲ. ಅವ್ವ ಮುಂದೆ ಬಂದಳು, ಆದರೆ ಅವನು ಅವಳ ಕಡೆ ನೋಡಲಿಲ್ಲ.

"ಕೈ ಕೊಡವ್ವಾ," ಅಂದ.

ನಾನು ಚೇರನ್ನು ಹತ್ತಿರ ತಂದು ಬ್ರೇಕ್ ಹಾಕಿ, ಗಾಯವಿಲ್ಲದ ಕೈ ಕೊಟ್ಟೆ. ಅವನು ಭಾರವೆಲ್ಲ ನನ್ನ ಮೇಲೆ ಬಿಟ್ಟು ಇಳಿದ.